ಕಿಡ್ನಿಯ ಒಂದು ಭಾಗ ತೆಗೆಸಿಕೊಂಡವರು ಪದೇ ಪದೇ ಕೇಳುವ ಪ್ರಶ್ನೆಗಳು

ನನಗೆ 54 ವರ್ಷ ಆಗಿದ್ದಾಗ ಎಡ ಕಿಡ್ನಿಯ ಕೆಳತುದಿಯಲ್ಲಿದ್ದ ಮೂರು ಸೆಂಟಿಮೀಟರ್ ಗಡ್ಡೆ ತೆಗೆದರು. ಗಡ್ಡೆಯ ಜೊತೆ ಸುತ್ತಲಿನ ಒಂದಿಷ್ಟು ಕಿಡ್ನಿಯೂ ಹೋಯಿತು. ಉಳಿದದ್ದು ಒಳಗೇ ಇದೆ, ತನ್ನ ಪಾಡಿಗೆ ಕೆಲಸ ಮಾಡುತ್ತಿದೆ. ಆಮೇಲಿಂದ ಇದೇ ಆಪರೇಷನ್‌ಗೆ ಹೊರಟವರು, ಮಾಡಿಸಿಕೊಂಡು ಬಂದವರು, ಅವರ ಮನೆಯವರು ಫೋನ್ ಮಾಡಿ ಕೇಳುವುದು ಹೆಚ್ಚುಕಡಿಮೆ ಇವೇ ಪ್ರಶ್ನೆಗಳು. ನಾನು ಡಾಕ್ಟರ್ ಅಲ್ಲ. ಓದಿ, ಕೇಳಿ, ಒಂದು ಸಲ ಕೈಸುಟ್ಟುಕೊಂಡು ಕಲಿತದ್ದನ್ನು ಬರೆದಿದ್ದೇನೆ. ಮಾತ್ರೆ ಶುರು ಮಾಡುವುದು, ನಿಲ್ಲಿಸುವುದು ನಿಮ್ಮ ಡಾಕ್ಟರನ್ನು ಕೇಳಿಯೇ ಆಗಬೇಕು.

ಇಡೀ ಕಿಡ್ನಿ ತೆಗೆದುಬಿಟ್ಟರೆ ಪೀಡೆ ಕಳೆಯುತ್ತಿತ್ತಲ್ಲ, ಭಾಗ ಮಾತ್ರ ಯಾಕೆ?

ಗಡ್ಡೆ ನಾಲ್ಕು ಸೆಂಟಿಮೀಟರಿಗಿಂತ ಚಿಕ್ಕದಿದ್ದು ಆಪರೇಷನ್ನೇ ಮಾಡುವುದಾದರೆ ಈಗ ಭಾಗ ತೆಗೆಯುವುದೇ ರೂಢಿ. ಏಳು ಸೆಂಟಿಮೀಟರ್‌ವರೆಗೂ, ಗಡ್ಡೆ ಕೂತಿರುವ ಜಾಗ ಅನುಕೂಲವಾಗಿದ್ದರೆ, ಪ್ರಯತ್ನಿಸುತ್ತಾರೆ. ಇಂಥ ಗಡ್ಡೆಗಳಲ್ಲಿ ಕ್ಯಾನ್ಸರ್ ಹತೋಟಿಯ ಮಟ್ಟಿಗೆ ಎರಡೂ ವಿಧಾನ ಹೆಚ್ಚುಕಡಿಮೆ ಒಂದೇ. ಲಾಭ ಇರುವುದು ಕಿಡ್ನಿಯ ಶಕ್ತಿ ಉಳಿಯುವುದರಲ್ಲಿ.

ಆ ಲಾಭ ಎಷ್ಟು ಅಂದರೆ, ಯುರೋಪಿನ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಇಒಆರ್‌ಟಿಸಿ 541 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಇಡೀ ಕಿಡ್ನಿ, ಇನ್ನೊಂದಕ್ಕೆ ಭಾಗ ಮಾತ್ರ ತೆಗೆದು ವರ್ಷಗಟ್ಟಲೆ ನೋಡಿತು. ಕಿಡ್ನಿಯ ಸೋಸುವ ಶಕ್ತಿ (ಮುಂದೆ ಹೇಳುವ ಇಜಿಎಫ್‌ಆರ್ ಅಂಕಿ) 60ಕ್ಕಿಂತ ಕೆಳಗಿಳಿದವರು ಇಡೀ ಕಿಡ್ನಿ ತೆಗೆಸಿಕೊಂಡವರಲ್ಲಿ ನೂರಕ್ಕೆ ಸುಮಾರು 86 ಮಂದಿ, ಭಾಗ ತೆಗೆಸಿಕೊಂಡವರಲ್ಲಿ 65 ಮಂದಿ. ಆದರೆ ಕಿಡ್ನಿ ಪೂರ್ತಿ ಕೈಕೊಡುವ ಮಟ್ಟಕ್ಕೆ ಹೋದವರ ಸಂಖ್ಯೆ ಎರಡೂ ಕಡೆ ತೀರಾ ಕಡಿಮೆ, ಬಹುತೇಕ ಸಮ. ಈ ಎರಡನೇ ಸಂಗತಿಯನ್ನು ಯಾರೂ ಹೇಳುವುದಿಲ್ಲ. ಡಯಾಲಿಸಿಸ್ ಭಯದಲ್ಲಿ ನಿದ್ದೆಗೆಟ್ಟವರಿಗೆ ನಾನು ಮೊದಲು ಹೇಳುವುದೇ ಅದನ್ನು.

ಕತ್ತರಿಸಿದ ಭಾಗ ಮತ್ತೆ ಬೆಳೆಯುತ್ತದೆಯೇ?

ಇಲ್ಲ. ಲಿವರ್ ಬೆಳೆಯುತ್ತದೆ, ಕಿಡ್ನಿ ಬೆಳೆಯುವುದಿಲ್ಲ. ಒಂದೊಂದು ಕಿಡ್ನಿಯಲ್ಲಿ ಸರಾಸರಿ ಹತ್ತು ಲಕ್ಷದಷ್ಟು ನೆಫ್ರಾನ್ ಎಂಬ ಸಣ್ಣ ಸೋಸುಗಗಳಿರುತ್ತವೆ. ಹುಟ್ಟುವಾಗ ಎಷ್ಟು ತಂದಿದ್ದೇವೋ ಅಷ್ಟೇ, ಹೊಸದು ಹುಟ್ಟುವುದಿಲ್ಲ.

ಉಳಿದ ನೆಫ್ರಾನ್‌ಗಳು ಮಾತ್ರ ಸ್ವಲ್ಪ ದಪ್ಪವಾಗಿ, ಒಂದೊಂದೂ ಮೊದಲಿಗಿಂತ ಹೆಚ್ಚು ರಕ್ತ ಸೋಸತೊಡಗುತ್ತವೆ. ಹತ್ತಾಳಿನ ಕೆಲಸಕ್ಕೆ ಎಂಟೇ ಆಳು ಸಿಕ್ಕಿದ ಹಾಗೆ. ಕೆಲಸವೇನೋ ಮುಗಿಯುತ್ತದೆ, ಆದರೆ ಆಳುಗಳ ಮೈಮೇಲೆ ಭಾರ ಬೀಳುತ್ತದೆ. ಎಂಟಾಳು ಇದ್ದರೆ ಬಹುಪಾಲು ಜನರಿಗೆ ಜೀವನಪೂರ್ತಿ ತೊಂದರೆಯಿಲ್ಲ. ಮೂರೇ ಆಳು ಉಳಿದಿದ್ದು, ಮೇಲಿಂದ ಬಿಪಿ, ಸಕ್ಕರೆ ಕಾಯಿಲೆಯೂ ಇದ್ದರೆ ಆಳುಗಳು ಒಬ್ಬೊಬ್ಬರಾಗಿ ಕುಸಿಯುತ್ತಾರೆ. ಆಪರೇಷನ್ ಆದ ಮೇಲೆ ನಾವು ಮಾಡಬೇಕಾದ ಆರೈಕೆಯೆಲ್ಲ ಈ ಭಾರ ಇಳಿಸುವುದಕ್ಕೇ.

ಒಟ್ಟು ಎಷ್ಟು ಶಕ್ತಿ ಹೋಗುತ್ತದೆ?

ಎರಡೂ ಕಿಡ್ನಿ ಸರಿಯಿದ್ದವರಲ್ಲಿ ಒಟ್ಟು ಶಕ್ತಿ ಸಾಮಾನ್ಯವಾಗಿ ಹತ್ತನೇ ಒಂದು ಭಾಗದ ಆಸುಪಾಸಿನಲ್ಲಿ ಇಳಿಯುತ್ತದೆ. ಗಡ್ಡೆಯ ಗಾತ್ರ, ಅದು ಎಷ್ಟು ಆಳಕ್ಕೆ ಹೂತಿತ್ತು ಎನ್ನುವುದರ ಮೇಲೆ ಇದು ಹೆಚ್ಚುಕಡಿಮೆ ಆಗಬಹುದು. ಆಪರೇಷನ್ ಆದ ಕಿಡ್ನಿಯೊಂದನ್ನೇ ಲೆಕ್ಕ ಹಿಡಿದರೆ ಐದನೇ ಒಂದು ಭಾಗದಷ್ಟು. ಅದರಲ್ಲಿ ಒಂದು ಪಾಲು ಕತ್ತರಿಸಿದ್ದರಿಂದ, ಒಂದು ಪಾಲು ಹೊಲಿಗೆ ಬಿಗಿಯಾದ ಅಂಚಿನಲ್ಲಿ, ಇನ್ನೊಂದು ಪಾಲು ರಕ್ತ ನಿಲ್ಲಿಸಿದ ಹೊತ್ತಿನಲ್ಲಿ. ಕತ್ತರಿಸುವಾಗ ರಕ್ತ ಚಿಮ್ಮದಿರಲೆಂದು ಕಿಡ್ನಿಯ ಮುಖ್ಯ ರಕ್ತನಾಳಕ್ಕೆ ಸ್ವಲ್ಪ ಹೊತ್ತು ಕ್ಲ್ಯಾಂಪ್ ಹಾಕುತ್ತಾರೆ. ಆ ಹೊತ್ತು ಸುಮಾರು 25 ನಿಮಿಷದೊಳಗೆ ಮುಗಿಯಬೇಕೆಂದು ಸರ್ಜನ್‌ಗಳು ನೋಡುತ್ತಾರೆ. ಹೆಚ್ಚು ಬೇಕಾಗುವಂತಿದ್ದರೆ ಕೆಲವರು ಕಿಡ್ನಿಯ ಸುತ್ತ ಐಸ್ ತುಂಬಿ ತಣ್ಣಗಿಡುತ್ತಾರೆ. ಮೊದಲು ನಿಮಿಷಗಳದ್ದೇ ದೊಡ್ಡ ಮಾತಾಗಿತ್ತು. ದೂರದ ಲೆಕ್ಕದಲ್ಲಿ ಎಷ್ಟು ಆರೋಗ್ಯವಂತ ಕಿಡ್ನಿ ಉಳಿಯಿತು ಎನ್ನುವುದೇ ಹೆಚ್ಚು ಮುಖ್ಯ ಎಂದು ಈಗ ಗೊತ್ತಾಗಿದೆ.

ತೆರೆದ ಆಪರೇಷನ್ನೋ, ಲ್ಯಾಪ್ರೊಸ್ಕೋಪಿಯೋ, ರೋಬೋಟೋ ಎಂದು ಜನ ಬಹಳ ತಲೆಕೆಡಿಸಿಕೊಳ್ಳುತ್ತಾರೆ. ನೋವು, ಗಾಯದ ಗುರುತು, ಆಸ್ಪತ್ರೆಯಲ್ಲಿರುವ ದಿನ ಇವುಗಳಲ್ಲಿ ವ್ಯತ್ಯಾಸ ಇದೆ. ಕಿಡ್ನಿಯ ಮಟ್ಟಿಗೆ ಉಪಕರಣಕ್ಕಿಂತ ಹಿಡಿದ ಕೈ ಮುಖ್ಯ ಎಂಬುದು ನನ್ನ ಅಭಿಪ್ರಾಯ.

ಆಪರೇಷನ್ ಮರುದಿನ ಕ್ರಿಯಾಟಿನಿನ್ ಏರಿಬಿಟ್ಟಿತು. ಏನೋ ಎಡವಟ್ಟಾಗಿದೆಯೇ?

ಬಹುಪಾಲು ಇಲ್ಲ. ಕ್ರಿಯಾಟಿನಿನ್ ಅಂದರೆ ಕಿಡ್ನಿ ಸೋಸಿ ಹೊರಹಾಕಬೇಕಾದ, ರಕ್ತದಲ್ಲಿ ಅಳೆಯುವ ಒಂದು ಕಸ. ನನ್ನ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಹೀಗಿದೆ: ಆಪರೇಷನ್‌ಗೆ ಮೊದಲು 0.9. ಎರಡನೇ ದಿನ 1.4. ಮನೆಗೆ ಹೊರಟ ದಿನ 1.2. ಮೂರನೇ ತಿಂಗಳು 1.0. ಎರಡನೇ ದಿನದ 1.4ರ ಸುತ್ತ ಹೆಂಡತಿ ಕೆಂಪು ಶಾಯಿಯಲ್ಲಿ ಎರಡೆರಡು ಸಲ ಸುತ್ತು ಹಾಕಿದ್ದಾಳೆ. ರಕ್ತ ನಿಂತು ಮತ್ತೆ ಹರಿದಾಗ ಕಿಡ್ನಿ ಕೆಲವು ದಿನ ಮಂಕು ಬಡಿದಂತೆ ಇರುತ್ತದೆ. ಮೊದಲ ಮೂರು ದಿನಗಳಲ್ಲಿ ಕ್ರಿಯಾಟಿನಿನ್ ಶಿಖರ ಮುಟ್ಟಿ, ಆಮೇಲೆ ವಾರಗಟ್ಟಲೆ ಮೆಲ್ಲಗೆ ಇಳಿಯುತ್ತದೆ. ಸುಮಾರು ಮೂರು ತಿಂಗಳ ಹೊತ್ತಿಗೆ ಎಲ್ಲಿ ನಿಲ್ಲುತ್ತದೋ ಅದೇ ನಿಮ್ಮ ಹೊಸ ಮಟ್ಟ. ಮುಂದೆ ಎಲ್ಲವನ್ನೂ ಅದಕ್ಕೆ ಹೋಲಿಸಿ ನೋಡಬೇಕು, ಆಪರೇಷನ್‌ಗೆ ಮುಂಚಿನ ಅಂಕಿಗೆ ಅಲ್ಲ.

ಮೂತ್ರ ತೀರಾ ಕಡಿಮೆಯಾದರೆ ಅಥವಾ ಅಂಕಿ ಇಳಿಯದೆ ದಿನದಿನವೂ ಏರುತ್ತಲೇ ಹೋದರೆ ಅದು ಬೇರೆ ಮಾತು. ಆಗ ಆಸ್ಪತ್ರೆಯವರೇ ಸ್ಕ್ಯಾನ್ ಮಾಡಿ ಕಾರಣ ಹುಡುಕುತ್ತಾರೆ.

ಲ್ಯಾಬ್ ರಿಪೋರ್ಟಿನಲ್ಲಿ ಕ್ರಿಯಾಟಿನಿನ್ ನಾರ್ಮಲ್ ಅಂತಿದೆ. ಅಷ್ಟು ಸಾಲದೇ?

ಸಾಲದು. ಕ್ರಿಯಾಟಿನಿನ್ ಸ್ನಾಯುಗಳಿಂದ ಬರುವ ಕಸ. ಸ್ನಾಯು ಹೆಚ್ಚಿದ್ದವರಲ್ಲಿ ಹೆಚ್ಚು, ಸೊರಗಿದವರಲ್ಲಿ ಕಡಿಮೆ. ಹಾಗಾಗಿ ಒಂದೇ ಅಂಕಿಗೆ ಇಬ್ಬರಲ್ಲಿ ಎರಡು ಅರ್ಥ. ಕ್ರಿಯಾಟಿನಿನ್ 1.2 ಇರುವ 30 ವರ್ಷದ ಗಂಡಸಿನ ಸೋಸುವ ಶಕ್ತಿ ಸುಮಾರು 83. ಅದೇ 1.2 ಇರುವ 70 ವರ್ಷದ ಹೆಂಗಸಿನದು 49ರ ಹತ್ತಿರ. ವಯಸ್ಸು, ಲಿಂಗ ಸೇರಿಸಿ ಹೀಗೆ ಲೆಕ್ಕ ಹಾಕಿದ ಅಂಕಿಯೇ ಇಜಿಎಫ್‌ಆರ್. 2021ರ ಸಿಕೆಡಿ-ಎಪಿ ಸೂತ್ರ ಬಳಸಿ ಈಗ ಅನೇಕ ಲ್ಯಾಬ್‌ಗಳು ಅದನ್ನೂ ಮುದ್ರಿಸುತ್ತವೆ. ಮುದ್ರಿಸದಿದ್ದರೆ ಕೇಳಿ ಪಡೆಯಿರಿ.

ಒಂದು ಎಚ್ಚರಿಕೆ: ಕ್ರಿಯಾಟಿನಿನ್ ಏರಿಳಿಯುತ್ತಿರುವ ದಿನಗಳಲ್ಲಿ, ಅಂದರೆ ಆಪರೇಷನ್ ಆದ ವಾರದಲ್ಲಿ, ಇಜಿಎಫ್‌ಆರ್ ಲೆಕ್ಕಕ್ಕೆ ಅರ್ಥವಿಲ್ಲ. ಪರೀಕ್ಷೆಯ ಹಿಂದಿನ ರಾತ್ರಿ ಮಾಂಸದೂಟ ಗಡದ್ದಾಗಿ ಆಗಿದ್ದರೂ, ಜಿಮ್ಮಿನವರು ತಿನ್ನುವ ಕ್ರಿಯಾಟಿನ್ ಪುಡಿ ತೆಗೆದುಕೊಂಡಿದ್ದರೂ ಅಂಕಿ ಮೇಲೇರುತ್ತದೆ. ಸಂಶಯ ಬಂದರೆ ಸಿಸ್ಟಾಟಿನ್ ಸಿ ಎಂಬ ಇನ್ನೊಂದು ರಕ್ತಪರೀಕ್ಷೆ ಇದೆ, ಅದು ಸ್ನಾಯುವಿನ ಮೇಲೆ ಅಷ್ಟಾಗಿ ಅವಲಂಬಿಸಿಲ್ಲ. ಯಾವ ಕಿಡ್ನಿ ಎಷ್ಟು ಪಾಲು ಕೆಲಸ ಮಾಡುತ್ತಿದೆ ಎಂದು ಬೇರೆ ಬೇರೆಯಾಗಿ ತಿಳಿಯಬೇಕಿದ್ದರೆ ಡಿಟಿಪಿಎ ಸ್ಕ್ಯಾನ್ ಮಾಡಿಸುತ್ತಾರೆ.

ಮೂತ್ರ ಪರೀಕ್ಷೆ ಯಾಕೆ? ಮೂತ್ರ ಸರಾಗವಾಗಿ ಹೋಗುತ್ತಿದೆಯಲ್ಲ.

ಈ ಪ್ರಶ್ನೆಯನ್ನು ಜನ ಕೇಳುವುದೇ ಇಲ್ಲ, ನಾನೇ ಸೇರಿಸಿದ್ದೇನೆ. ಯಾಕೆಂದರೆ ಎಲ್ಲರೂ ಕ್ರಿಯಾಟಿನಿನ್ ಮಾಡಿಸುತ್ತಾರೆ, ಇದನ್ನು ಬಿಟ್ಟುಬಿಡುತ್ತಾರೆ. ಮೂತ್ರ ಧಾರಾಳವಾಗಿ ಬರುವುದಕ್ಕೂ ಕಿಡ್ನಿ ಚೆನ್ನಾಗಿರುವುದಕ್ಕೂ ನೇರ ಸಂಬಂಧವಿಲ್ಲ. ಕಿಡ್ನಿಗಳು ದಿನಕ್ಕೆ ಸುಮಾರು 180 ಲೀಟರ್ ಸೋಸಿ, ಅದರಲ್ಲಿ ಒಂದೂವರೆ ಎರಡು ಲೀಟರ್ ಮಾತ್ರ ಹೊರಗೆ ಬಿಡುತ್ತವೆ. ಸೋಸುವುದು ಅರ್ಧಕ್ಕಿಳಿದರೂ ಮೂತ್ರ ಅಷ್ಟೇ ಬರಬಹುದು.

ಭಾರ ಹೊತ್ತ ಸೋಸುಗ ಹರಿದುಹೋಗುವ ಮುಂಚೆ ಸೋರುತ್ತದೆ. ರಕ್ತದಲ್ಲೇ ಉಳಿಯಬೇಕಾದ ಆಲ್ಬುಮಿನ್ ಎಂಬ ಪ್ರೋಟೀನ್ ಮೂತ್ರಕ್ಕೆ ಜಿನುಗಲು ಶುರುವಾಗುತ್ತದೆ. ಕ್ರಿಯಾಟಿನಿನ್ ಏರುವುದಕ್ಕೆ ವರ್ಷಗಳ ಮುಂಚೆಯೇ ಇದು ಕಾಣಿಸಿಕೊಳ್ಳಬಹುದು. ಬೆಳಗಿನ ಮೊದಲ ಮೂತ್ರದಲ್ಲಿ ಆಲ್ಬುಮಿನ್-ಕ್ರಿಯಾಟಿನಿನ್ ಅನುಪಾತ, ಲ್ಯಾಬಿನವರ ಬಾಯಲ್ಲಿ ಎಸಿಆರ್, ಮಾಡಿಸಿದರೆ ಸಾಕು. 30ಕ್ಕಿಂತ ಕಡಿಮೆ ಇದ್ದರೆ ನಿಶ್ಚಿಂತೆ. 30ರಿಂದ 300 ಎಚ್ಚರದ ವಲಯ. 300 ದಾಟಿದರೆ ಕಿಡ್ನಿ ತಜ್ಞರಾದ ನೆಫ್ರಾಲಜಿಸ್ಟ್ ನೋಡಲೇಬೇಕು. ಒಂದು ಸಲ ಹೆಚ್ಚು ಬಂದರೆ ಗಾಬರಿ ಬೇಡ. ಜ್ವರ, ಮೂತ್ರದ ಸೋಂಕು, ಹಿಂದಿನ ದಿನದ ವಿಪರೀತ ವ್ಯಾಯಾಮ, ಇವೆಲ್ಲ ಏರಿಸುತ್ತವೆ. ಮತ್ತೆ ಮಾಡಿಸಿ ನೋಡಬೇಕು.

ಇದು ಹೊಸ ವಿಷಯವೂ ಅಲ್ಲ. ಒಂದೇ ಕಿಡ್ನಿ ಇದ್ದು ಅದರಲ್ಲೂ ಭಾಗ ತೆಗೆಸಿಕೊಂಡ 14 ಜನರನ್ನು ದೀರ್ಘಕಾಲ ನೋಡಿದ ಅಧ್ಯಯನವೊಂದು 1991ರಲ್ಲೇ ಪ್ರಕಟವಾಯಿತು. ತೆಗೆದ ಭಾಗ ದೊಡ್ಡದಾದಷ್ಟೂ, ವರ್ಷಗಳು ಕಳೆದಷ್ಟೂ ಮೂತ್ರದಲ್ಲಿ ಪ್ರೋಟೀನ್ ಹೆಚ್ಚು ಎಂದು ಅದರಲ್ಲಿ ಕಂಡಿತ್ತು. ಇಷ್ಟಾದರೂ ನನ್ನ ಮೊದಲ ಎರಡು ವರ್ಷದ ಫಾಲೋಅಪ್ ಚೀಟಿಗಳಲ್ಲಿ ಈ ಪರೀಕ್ಷೆ ಒಮ್ಮೆಯೂ ಇರಲಿಲ್ಲ. ಗಡ್ಡೆ ಮರಳಿತೇ ಎಂದು ನೋಡುವ ಸ್ಕ್ಯಾನ್ ಮಾತ್ರ ತಪ್ಪದೆ ಇತ್ತು.

ಇಜಿಎಫ್‌ಆರ್ 58 ಬಂದಿದೆ, ಕಿಡ್ನಿ ಕಾಯಿಲೆ ಮೂರನೇ ಹಂತ ಅಂದರು. ಐದರಲ್ಲಿ ಮೂರು ಮುಗಿದೇಹೋಯಿತೇ?

ಹಂತ ಎಂಬ ಪದವೇ ಜನರನ್ನು ಅರ್ಧ ಕೊಲ್ಲುತ್ತದೆ. ಮೂರು ತಿಂಗಳಿಗೂ ಹೆಚ್ಚು ಕಾಲ 60ಕ್ಕಿಂತ ಕೆಳಗಿದ್ದರೆ ಮೂರನೇ ಹಂತ ಎಂದು ಹೆಸರು. ಅದರಲ್ಲೂ 45ರಿಂದ 59 ಅಂದರೆ 3ಎ, 30ರಿಂದ 44 ಅಂದರೆ 3ಬಿ. ಸಕ್ಕರೆ ಕಾಯಿಲೆ, ಬಿಪಿಯಿಂದ ಇಳಿದ 58ಕ್ಕೂ ಸರ್ಜನ್ ಕತ್ತರಿಸಿದ್ದರಿಂದ ಇಳಿದ 58ಕ್ಕೂ ಅಜಗಜಾಂತರ. ಮೊದಲನೆಯದರಲ್ಲಿ ಕಾಯಿಲೆ ಒಳಗೇ ಕೂತು ತಿನ್ನುತ್ತಿರುತ್ತದೆ. ಎರಡನೆಯದರಲ್ಲಿ ಒಂದು ಸಲ ಕಳೆದದ್ದು ಕಳೆಯಿತು, ಉಳಿದದ್ದು ಸಾಮಾನ್ಯವಾಗಿ ಹಾಗೇ ನಿಲ್ಲುತ್ತದೆ. ನಲವತ್ತು ದಾಟಿದ ಮೇಲೆ ಆರೋಗ್ಯವಂತರಲ್ಲೂ ವರ್ಷಕ್ಕೆ ಒಂದಂಕಿಯಷ್ಟು ಇಳಿಯುತ್ತದೆ. ಆ ವೇಗದಲ್ಲಿದ್ದರೆ ಚಿಂತೆ ಬೇಡ. ವರ್ಷಕ್ಕೆ ಐದಕ್ಕಿಂತ ಹೆಚ್ಚು ಇಳಿದರೆ ಕಾರಣ ಹುಡುಕಬೇಕು.

ಎರಡೂ ಸೇರಿಕೊಂಡವರು, ಅಂದರೆ ಮೊದಲೇ ಸಕ್ಕರೆ ಅಥವಾ ಬಿಪಿಯಿಂದ ಕಿಡ್ನಿ ಬಳಲಿದ್ದು ಮೇಲಿಂದ ಆಪರೇಷನ್ನೂ ಆದವರು, ನನ್ನ ಸಮಾಧಾನದ ಮಾತನ್ನು ಪೂರ್ತಿ ತೆಗೆದುಕೊಳ್ಳಬೇಡಿ.

ನೋವಿನ ಮಾತ್ರೆ ತೆಗೆದುಕೊಳ್ಳಬಹುದೇ?

ಕೈಸುಟ್ಟುಕೊಂಡೆ ಅಂದೆನಲ್ಲ, ಅದು ಇಲ್ಲೇ. ಆಪರೇಷನ್ ಆಗಿ ಎರಡು ವರ್ಷಕ್ಕೆ ಮಂಡಿನೋವು ಶುರುವಾಯಿತು. ಐಬುಪ್ರೊಫೆನ್ ಕೂಡದು ಎಂದು ಗೊತ್ತಿತ್ತು. ಅಂಗಡಿಯಲ್ಲಿ ಐಬುಪ್ರೊಫೆನ್ ಬೇಡ, ಬೇರೆ ಕೊಡಿ ಎಂದೆ. ಬೇರೆಯದನ್ನೇ ಕೊಟ್ಟರು. ಸ್ಟ್ರಿಪ್ಪಿನ ಮುಂದೆ ಕಂಪನಿ ಇಟ್ಟ ಹೆಸರು ದೊಡ್ಡದಾಗಿತ್ತು. ದಿನಕ್ಕೆರಡರಂತೆ ಒಂಬತ್ತು ದಿನ ನುಂಗಿದೆ. ವರ್ಷದ ಪರೀಕ್ಷೆ ಅದೇ ವಾರ ಬಂದದ್ದು ನನ್ನ ಅದೃಷ್ಟ: 1.0 ಇದ್ದದ್ದು 1.3. ಮನೆಗೆ ಬಂದು ಸ್ಟ್ರಿಪ್ಪನ್ನು ಕಿಟಕಿಯ ಬೆಳಕಿಗೆ ಹಿಡಿದು, ಕನ್ನಡಕ ಏರಿಸಿ ನೋಡಿದರೆ ಹಿಂಬದಿಯಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ ಪ್ಯಾರಸಿಟಮಾಲ್, ಡೈಕ್ಲೊಫೆನಾಕ್ ಎಂದಿತ್ತು. ನಿಲ್ಲಿಸಿ ಮೂರು ವಾರಕ್ಕೆ 1.0ಕ್ಕೆ ಮರಳಿತು. ಎಲ್ಲರಿಗೂ ಮರಳುತ್ತದೆ ಎಂದೇನಿಲ್ಲ.

ಐಬುಪ್ರೊಫೆನ್, ಡೈಕ್ಲೊಫೆನಾಕ್, ನ್ಯಾಪ್ರೊಕ್ಸೆನ್, ಅಸಿಕ್ಲೊಫೆನಾಕ್, ಎಟೊರಿಕಾಕ್ಸಿಬ್ ಎಲ್ಲ ಒಂದೇ ಕುಲ. ನೆಫ್ರಾನ್‌ಗೆ ರಕ್ತ ತರುವ ಸಣ್ಣ ನಾಳವನ್ನು ಹಿಗ್ಗಿಸಿಡುವುದು ಪ್ರೊಸ್ಟಾಗ್ಲಾಂಡಿನ್ ಎಂಬ ರಾಸಾಯನಿಕ. ಈ ಮಾತ್ರೆಗಳು ಅದನ್ನೇ ತಡೆಯುತ್ತವೆ, ಒಳಬರುವ ನಾಳ ಬಿಗಿಯುತ್ತದೆ. ಜೊತೆಗೆ ಟೆಲ್ಮಿಸಾರ್ಟಾನ್, ರಾಮಿಪ್ರಿಲ್‌ನಂಥ ಬಿಪಿ ಮಾತ್ರೆ ಇದ್ದರೆ ಹೊರಹೋಗುವ ನಾಳ ಸಡಿಲವಾಗಿರುತ್ತದೆ. ಮೂತ್ರ ಹೆಚ್ಚಿಸುವ ಮಾತ್ರೆಯೂ ಇದ್ದರೆ ನೀರೂ ಕಡಿಮೆ. ಮೂರೂ ಸೇರಿದರೆ ಸೋಸುವ ಒತ್ತಡವೇ ಇಲ್ಲ. ನಾನೂ ಟೆಲ್ಮಿಸಾರ್ಟಾನ್ ತೆಗೆದುಕೊಳ್ಳುತ್ತಿದ್ದೆ.

ನೋವಿಗೆ, ಜ್ವರಕ್ಕೆ ಬರೀ ಪ್ಯಾರಸಿಟಮಾಲ್, ಡಾಕ್ಟರ್ ಹೇಳಿದ ಪ್ರಮಾಣದಲ್ಲಿ. ಅಂಗಡಿಯಲ್ಲಿ ಹೆಸರು ಹೇಳಿ ಬೇಡ ಅನ್ನುವ ಬದಲು "ಕಿಡ್ನಿ ಆಪರೇಷನ್ ಆಗಿದೆ" ಎಂದು ಹೇಳಿ, ಆಮೇಲೆ ಸ್ಟ್ರಿಪ್ಪಿನ ಹಿಂಬದಿ ಓದಿ. ಸೋಂಕಿಗೆ ಕೊಡುವ ಜೆಂಟಾಮೈಸಿನ್, ಅಮಿಕಾಸಿನ್ ಇಂಜೆಕ್ಷನ್‌ಗಳಿಗೂ ಇದೇ ಎಚ್ಚರ. ಹೊಟ್ಟೆಯುರಿಗೆಂದು ಪ್ಯಾಂಟೊಪ್ರಜೋಲ್ ಥರದ ಮಾತ್ರೆಯನ್ನು ಯಾರೂ ಹೇಳದೆ ವರ್ಷಗಟ್ಟಲೆ ನುಂಗುವುದೂ ಒಳ್ಳೆಯದಲ್ಲ, ಕೆಲವರಲ್ಲಿ ಕಿಡ್ನಿಯ ಉರಿಯೂತ ತರುತ್ತದೆ.

ಬಿಪಿ ಮಾತ್ರೆಯಿಂದಲೇ ಕಿಡ್ನಿ ಹಾಳಾಗುತ್ತದಂತೆ, ಹೌದೇ?

ಉಲ್ಟಾ. ಹತೋಟಿಗೆ ಬಾರದ ಬಿಪಿಯಿಂದ ಹಾಳಾಗುತ್ತದೆ. 130/80ಕ್ಕಿಂತ ಕೆಳಗಿಡಲು ಹೆಚ್ಚಿನ ಡಾಕ್ಟರುಗಳು ಹೇಳುತ್ತಾರೆ. ಕಿಡ್ನಿ ತಜ್ಞರ ಅಂತಾರಾಷ್ಟ್ರೀಯ ಸಂಸ್ಥೆ ಕೆಡಿಗೊ 2021ರಲ್ಲಿ, ದೇಹ ತಡೆದುಕೊಳ್ಳುವುದಾದರೆ ಮೇಲಿನ ಅಂಕಿ 120ಕ್ಕಿಂತ ಕೆಳಗಿರಲಿ ಎಂದಿತು. ಎದ್ದು ನಿಂತಾಗ ತಲೆ ತಿರುಗುವ ವಯಸ್ಸಾದವರಿಗೆ ಅಷ್ಟು ಬಿಗಿ ಹಿಡಿಯುವುದು ಬೇಡ ಅನ್ನಿಸುತ್ತದೆ. ನಿಮ್ಮ ಗುರಿ ನಿಮ್ಮ ಡಾಕ್ಟರ್ ಜೊತೆ ನಿಗದಿಯಾಗಲಿ.

ಮೂತ್ರದಲ್ಲಿ ಆಲ್ಬುಮಿನ್ ಸೋರುತ್ತಿದ್ದರೆ ಮೇಲೆ ಹೇಳಿದ ಟೆಲ್ಮಿಸಾರ್ಟಾನ್, ರಾಮಿಪ್ರಿಲ್ ಗುಂಪಿನವೇ ಮೊದಲ ಆಯ್ಕೆ, ನೆಫ್ರಾನ್ ಒಳಗಿನ ಒತ್ತಡ ಇಳಿಸುತ್ತವೆ. ಶುರು ಮಾಡಿದಾಗ ಕ್ರಿಯಾಟಿನಿನ್ ತುಸು ಏರುತ್ತದೆ. ಮೂವತ್ತು ಶೇಕಡದೊಳಗಿನ ಏರಿಕೆ ನಿರೀಕ್ಷಿತವೇ. ಅದನ್ನು ನೋಡಿ ತಾವಾಗಿಯೇ ಮಾತ್ರೆ ಬಿಟ್ಟವರೇ ಈ ವದಂತಿ ಹಬ್ಬಿಸಿರಬೇಕು. ವಾಂತಿ ಭೇದಿ ಆಗಿ ನೀರು ಕುಡಿಯಲಾಗದ ದಿನ ಮಾತ್ರ ಇವನ್ನೂ ಮೂತ್ರ ಹೆಚ್ಚಿಸುವ ಮಾತ್ರೆಯನ್ನೂ ತಾತ್ಕಾಲಿಕವಾಗಿ ತಡೆಹಿಡಿಯಬೇಕಾಗಬಹುದು. ಆ ದಿನಕ್ಕೆ ಏನು ಮಾಡಬೇಕೆಂದು ಮೊದಲೇ ಕೇಳಿ ಬರೆದಿಟ್ಟುಕೊಳ್ಳಿ.

ಸಕ್ಕರೆ ಕಾಯಿಲೆಯೂ ಇದ್ದರೆ?

ಎಚ್‌ಬಿಎ1ಸಿ, ಅಂದರೆ ಸುಮಾರು ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ರಕ್ತಪರೀಕ್ಷೆ, ಹೆಚ್ಚಿನವರಿಗೆ ಏಳರ ಆಸುಪಾಸು ಇರಬೇಕು. ಸಕ್ಕರೆ ಮಾತ್ರೆ ಮೆಟ್‌ಫಾರ್ಮಿನ್‌ನ ಪ್ರಮಾಣವನ್ನು ಇಜಿಎಫ್‌ಆರ್ 45ರ ಕೆಳಗೆ ಇಳಿದಾಗ ಮರುಪರಿಶೀಲಿಸುತ್ತಾರೆ, 30ರ ಕೆಳಗೆ ನಿಲ್ಲಿಸುತ್ತಾರೆ. ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮಾತ್ರೆಗಳು ಸಕ್ಕರೆ ಇಳಿಸುವುದರ ಜೊತೆ ಕಿಡ್ನಿಯನ್ನೂ ಕಾಯುತ್ತವೆ. 2020 ಮತ್ತು 2022ರಲ್ಲಿ ಬಂದ ದೊಡ್ಡ ಅಧ್ಯಯನಗಳು ಸಕ್ಕರೆ ಕಾಯಿಲೆ ಇಲ್ಲದ ಕಿಡ್ನಿ ರೋಗಿಗಳಲ್ಲೂ ಇದನ್ನು ತೋರಿಸಿದವು. ನಿಮಗೆ ಹೊಂದುತ್ತದೆಯೇ ಎಂದು ಕೇಳುವುದರಲ್ಲಿ ತಪ್ಪಿಲ್ಲ.

ದಿನಕ್ಕೆ ನಾಲ್ಕು ಲೀಟರ್ ನೀರು ಕುಡಿದರೆ ಕಿಡ್ನಿ ತೊಳೆದ ಹಾಗಾಗುತ್ತದೆಯೇ?

ಕಿಡ್ನಿ ಪಾತ್ರೆ ಅಲ್ಲ, ತೊಳೆಯಲಿಕ್ಕೆ. ಕೆನಡಾದಲ್ಲಿ ಮೂರನೇ ಹಂತದ 631 ಕಿಡ್ನಿ ರೋಗಿಗಳ ಪೈಕಿ ಒಂದು ಗುಂಪಿಗೆ ಹೆಚ್ಚು ನೀರು ಕುಡಿಸಿ ನೋಡಿದರು. 2018ರಲ್ಲಿ ಬಂದ ಫಲಿತಾಂಶದಲ್ಲಿ, ಒಂದು ವರ್ಷದ ನಂತರ ಕಿಡ್ನಿಯ ಶಕ್ತಿಯಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಬಾಯಾರದಂತೆ, ಮೂತ್ರ ತಿಳಿಹಳದಿ ಇರುವಂತೆ ಕುಡಿಯಿರಿ. ಕಲ್ಲಿನ ತೊಂದರೆ ಇದ್ದವರು ಹೆಚ್ಚು ಕುಡಿಯಬೇಕು. ಹೃದಯ ದುರ್ಬಲ ಇದ್ದವರು ಕಡಿಮೆ.

ಊಟದಲ್ಲಿ ಏನು ಬಿಡಬೇಕು?

ಉಪ್ಪು ಕಡಿಮೆ ಮಾಡಬೇಕು: ದಿನಕ್ಕೆ ಐದು ಗ್ರಾಂ ಒಳಗೆ, ಹೆಚ್ಚೆಂದರೆ ಒಂದು ಟೀ ಚಮಚ, ಪ್ಯಾಕೆಟ್ ತಿಂಡಿಯಲ್ಲಿ ಅಡಗಿರುವುದೂ ಸೇರಿ. "ಕಡಿಮೆ ಸೋಡಿಯಂ" ಎಂದು ಮಾರುವ ಉಪ್ಪು ಕೇಳದೆ ತರಬೇಡಿ. ಅದರಲ್ಲಿ ಸೋಡಿಯಂ ಬದಲು ಪೊಟ್ಯಾಸಿಯಂ ಇರುತ್ತದೆ. ಕಿಡ್ನಿ ದುರ್ಬಲ ಇದ್ದು ಟೆಲ್ಮಿಸಾರ್ಟಾನ್ ಥರದ ಮಾತ್ರೆಯೂ ಇದ್ದರೆ ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯದ ಬಡಿತವೇ ತಪ್ಪಬಹುದು.

ಪ್ರೋಟೀನ್ ಬಗ್ಗೆ ಎರಡು ಅತಿರೇಕ ನೋಡಿದ್ದೇನೆ, ಗಾಯ ಮಾಯಲಿ ಎಂದು ಡಬ್ಬಿಗಟ್ಟಲೆ ಪ್ರೋಟೀನ್ ಪುಡಿ ಒಂದು ಕಡೆ, ಹೆದರಿ ಬರೀ ಗಂಜಿ ಇನ್ನೊಂದು ಕಡೆ. ಗಾಯ ಮಾಗಿದ ಮೇಲೆ ತೂಕದ ಪ್ರತಿ ಕಿಲೋಗೆ 0.8 ಗ್ರಾಂ, ಅಂದರೆ 60 ಕಿಲೋ ಇದ್ದವರಿಗೆ 48 ಗ್ರಾಂ, ಸಾಕು. ಹಣ್ಣು ತರಕಾರಿಯನ್ನು ರಕ್ತದ ಪೊಟ್ಯಾಸಿಯಂ ಏರದ ಹೊರತು ಬಿಡಬೇಕಾಗಿಲ್ಲ. ಸಿಗರೇಟು ಪೂರ್ತಿ ಬಿಡಿ.

ಕಿಡ್ನಿ ಶುದ್ಧಿಗೆ ಗಿಡಮೂಲಿಕೆ ಕಷಾಯ?

ಬೇಡ. ಅರಿಸ್ಟೊಲೋಕಿಕ್ ಆಮ್ಲ ಇರುವ ಗಿಡಮೂಲಿಕೆಗಳು ಕಿಡ್ನಿಯನ್ನು ಹಾಳು ಮಾಡುವುದಷ್ಟೇ ಅಲ್ಲ, ಮೂತ್ರನಾಳದ ಕ್ಯಾನ್ಸರನ್ನೂ ತರುತ್ತವೆ. ಬಾಟಲಿಯೊಳಗೆ ಏನಿದೆ ಎಂದು ಮಾರುವವರಿಗೇ ಎಷ್ಟೋ ಸಲ ಗೊತ್ತಿರುವುದಿಲ್ಲ.

ಫಾಲೋಅಪ್ ಸ್ಕ್ಯಾನಿನ ಡೈ ಕಿಡ್ನಿಗೆ ಅಪಾಯವಲ್ಲವೇ?

ಹಿಂದೆ ಅಂದುಕೊಂಡಷ್ಟು ಇಲ್ಲ. ಸಿಟಿ ಡೈಯ ನಿಜವಾದ ಆತಂಕ ಮುಖ್ಯವಾಗಿ ಇಜಿಎಫ್‌ಆರ್ 30ಕ್ಕಿಂತ ಕೆಳಗಿದ್ದವರಿಗೆ. ಅಂಥವರಿಗೆ ಮುಂಚಿತವಾಗಿ ಡ್ರಿಪ್ ಕೊಡುವುದೋ, ಬೇರೆ ಸ್ಕ್ಯಾನ್ ಆರಿಸುವುದೋ ಮಾಡುತ್ತಾರೆ. ಡೈಗೆ ಹೆದರಿ ಸ್ಕ್ಯಾನನ್ನೇ ತಪ್ಪಿಸಬೇಡಿ.

ಯಾವಾಗ ಭಾರ ಎತ್ತಬಹುದು? ಯಾವುದಕ್ಕೆ ತಕ್ಷಣ ಆಸ್ಪತ್ರೆಗೆ ಓಡಬೇಕು?

ನಡಿಗೆ ಮೊದಲ ದಿನಗಳಿಂದಲೇ. ಭಾರ ಎತ್ತುವುದು ನಾಲ್ಕರಿಂದ ಆರು ವಾರ ಬೇಡ. ಮೂತ್ರ ಕೆಂಪಗೆ ಬಂದರೆ, ಗಡ್ಡೆಗಟ್ಟಿದ ರಕ್ತ ಬಿದ್ದರೆ, ಪಕ್ಕೆಯಲ್ಲಿ ಒಮ್ಮೆಲೇ ನೋವೆದ್ದು ತಲೆ ಸುತ್ತಿದರೆ ಕಾಯಬೇಡಿ. ಹೊಲಿದ ಜಾಗದ ರಕ್ತನಾಳ ಉಬ್ಬಿ ಒಡೆಯುವುದು ಅಪರೂಪ. ಆದರೆ ಆಗುವುದು ಹೆಚ್ಚಾಗಿ ಮನೆಗೆ ಬಂದ ಮೇಲೆ, ಒಂದೆರಡು ವಾರಕ್ಕೆ, ಎಲ್ಲ ಸರಿಹೋಯಿತು ಅಂದುಕೊಂಡಾಗ. ತೊಡೆಯ ಅಥವಾ ಕೈಯ ರಕ್ತನಾಳದ ಮೂಲಕ ಸಣ್ಣ ನಳಿಕೆ ತೂರಿ ಅದನ್ನು ಮುಚ್ಚುತ್ತಾರೆ, ಸಾಮಾನ್ಯವಾಗಿ ಕಿಡ್ನಿ ಉಳಿಯುತ್ತದೆ. ಜ್ವರ, ಗಾಯದಿಂದ ನೀರಿನಂಥ ಸೋರಿಕೆ, ಮೂತ್ರ ನಿಂತುಹೋಗುವುದು, ಇವಕ್ಕೂ ತಡ ಮಾಡಬೇಡಿ.

ಯುರಾಲಜಿಸ್ಟ್ (ಆಪರೇಷನ್ ಮಾಡಿದ ಸರ್ಜನ್) ನೋಡುತ್ತಿದ್ದಾರೆ. ನೆಫ್ರಾಲಜಿಸ್ಟ್ ಬೇರೆ ಬೇಕೇ?

ಎಲ್ಲರಿಗೂ ಬೇಡ. ಇಜಿಎಫ್‌ಆರ್ 45ಕ್ಕಿಂತ ಕೆಳಗಿದ್ದರೆ, ಮೂತ್ರದಲ್ಲಿ ಪ್ರೋಟೀನ್ ಖಚಿತವಾದರೆ, ಇರುವುದೇ ಒಂದು ಕಿಡ್ನಿಯಾಗಿದ್ದರೆ, ಸಕ್ಕರೆ ಕಾಯಿಲೆಯ ಜೊತೆ ಮೊದಲೇ ಕಿಡ್ನಿ ಬಳಲಿದ್ದರೆ ಬೇಕು. ಆಪರೇಷನ್‌ಗೆ ಮುಂಚೆಯೇ ಒಮ್ಮೆ ಕಂಡರೆ ಇನ್ನೂ ಒಳ್ಳೆಯದು. ಗರ್ಭ ಧರಿಸುವ ಯೋಚನೆ ಇರುವವರೂ ಮೊದಲೇ ಕಾಣಬೇಕು. ಟೆಲ್ಮಿಸಾರ್ಟಾನ್, ರಾಮಿಪ್ರಿಲ್ ಗುಂಪಿನ ಮಾತ್ರೆಗಳು ಬಸಿರಿನಲ್ಲಿ ನಿಷಿದ್ಧ.

ನೋಟ್‌ಬುಕ್ ಅಂದಿರಲ್ಲ, ಅದರಲ್ಲಿ ಏನೇನು ಬರೆಯಬೇಕು?

ತಾರೀಖು, ಕ್ರಿಯಾಟಿನಿನ್, ಇಜಿಎಫ್‌ಆರ್, ಎಸಿಆರ್, ಮನೆಯಲ್ಲಿ ನೋಡಿದ ಬಿಪಿ, ತೂಕ. ಆ ವಾರ ತೆಗೆದುಕೊಂಡ ಎಲ್ಲ ಮಾತ್ರೆಗಳ ಒಳಹೆಸರು, ಕಂಪನಿಯ ಹೆಸರಲ್ಲ. ಜ್ವರ, ಭೇದಿ ಆಗಿದ್ದರೆ ಅದೂ. ಮೂರನೇ ತಿಂಗಳು ಒಂದು ಸಾಲು, ಮೊದಲ ವರ್ಷ ಆರಾರು ತಿಂಗಳಿಗೆ, ಆಮೇಲೆ ಸ್ಥಿರವಾಗಿದ್ದರೆ ವರ್ಷಕ್ಕೊಂದು. ಸಾಧ್ಯವಾದರೆ ಒಂದೇ ಲ್ಯಾಬಿನಲ್ಲಿ ಮಾಡಿಸಿ, ಲ್ಯಾಬಿನಿಂದ ಲ್ಯಾಬಿಗೆ ಅಂಕಿ ಸ್ವಲ್ಪ ಅತ್ತಿತ್ತ ಆಗುತ್ತದೆ. ನನ್ನದರಲ್ಲಿ ಆ 1.3ರ ಸಾಲಿನ ಪಕ್ಕಕ್ಕೆ ಖಾಲಿಯಾದ ಸ್ಟ್ರಿಪ್ಪನ್ನೂ ಪಿನ್ ಮಾಡಿಟ್ಟಿದ್ದೇನೆ, ಹಿಂಬದಿ ಮೇಲೆ ಬರುವ ಹಾಗೆ.